ಕೊರಗಪ್ಪನವರ ಎರಡನೆಯ ಎಣಿಕೆ

ಜೆಬೆಲ್ ಅಲಿಯ ಉಗ್ರಾಣವೊಂದರಲ್ಲಿ ಲೋಡಿಂಗ್ ಸೂಪರ್‌ವೈಸರ್ ಆಗಿರುವ ಹಿರಿಯಡ್ಕದ ಕೊರಗಪ್ಪನವರು ಮತಾಂತರಗೊಂಡಿದ್ದಾರೆಂಬ ಸುದ್ದಿ ಕಳೆದ ವರ್ಷದ ಸೆಪ್ಟೆಂಬರಿನಲ್ಲಿ ದುಬೈನ ಅಲ್ ಕುಸೈಸಿನ ಮೂರು ಕಟ್ಟಡಗಳಲ್ಲಿ ಏಕಕಾಲಕ್ಕೆ ಹುಟ್ಟಿತು. ಮೊದಲ ಕಟ್ಟಡದವರು ಪ್ರತಿ ಶನಿವಾರ ಬೆಳಿಗ್ಗೆ ಅವರ ಕಾರು ಚರ್ಚಿನ ಅಂಗಳದಲ್ಲಿ ನಿಂತಿರುವುದನ್ನು ಕಂಡಿದ್ದರು. ಎರಡನೆಯ ಕಟ್ಟಡದವರು, ಅವರು ಕಣ್ಣು ಮುಚ್ಚಿ ಮೈ ತೂಗುತ್ತ ಹಾಡುವುದನ್ನು ಕಂಡವರನ್ನು ಕಂಡಿದ್ದರು. ಮೂರನೆಯ ಕಟ್ಟಡದವರು ಏನನ್ನೂ ಕಂಡಿರಲಿಲ್ಲ; ಆದ್ದರಿಂದ ವಿವರಗಳನ್ನೆಲ್ಲ ಅವರೇ ಒದಗಿಸಿದರು. ಹೆಸರು ಕ್ಲಾರೆನ್ಸ್ ಎಂದಾಗಿದೆ, ಊರಿನ ಮನೆಯ ದೈವಕ್ಕೆ ಈ ಸಲ ತಂಬಿಲವೆಂಬ ವಾರ್ಷಿಕ ಪೂಜೆಯಿಲ್ಲ, ಹೆಂಡತಿ ಹರಿಣಾಕ್ಷಿ ಅಳುತ್ತಲೇ ಗಂಡನ ಪಾಸ್‌ಪೋರ್ಟನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಾರೆ.

ಇದರಲ್ಲಿ ಕಾರು ನಿಂತದ್ದು ನಿಜ, ಕಣ್ಣು ಮುಚ್ಚಿದ್ದೂ ನಿಜ. ಉಳಿದದ್ದು ಸುಳ್ಳು. ಪಾಸ್‌ಪೋರ್ಟು ಬೀರುವಿನಲ್ಲೇ ಇತ್ತು. ತಂಬಿಲಕ್ಕೆ ಅವರು ಎಂದಿನಂತೆ ರಜೆ ಹಾಕಿ ಹೋಗಿ ಗಂಧ ಪ್ರಸಾದ ಹಿಡಿದುಕೊಂಡು ಬಂದಿದ್ದರು. ಕ್ಲಾರೆನ್ಸ್ ಎಂಬ ಹೆಸರು ಎಲ್ಲಿಂದ ಬಂತೆಂಬುದು ಇಂದಿಗೂ ತಿಳಿದಿಲ್ಲ. ಕೊರಗಪ್ಪನವರು ಸೇರಿಕೊಂಡದ್ದು ಚರ್ಚಿನ ಸಭಾಂಗಣವನ್ನು ಶನಿವಾರಗಳಂದು ಅಭ್ಯಾಸಕ್ಕೆ ಪಡೆಯುತ್ತಿದ್ದ ಒಂದು ಕಾಯರ್‌ಗೆ, ಅಂದರೆ ಗಾಯಕವೃಂದಕ್ಕೆ. ಆ ವೃಂದ ಹಾಡುತ್ತಿದ್ದದ್ದು ಅಮೆರಿಕದ ಕಪ್ಪು ಜನರ ಸೋಲ್ ಸಂಗೀತವನ್ನು.

ಅದಕ್ಕೂ ಮುನ್ನ ಅವರು ಇನ್ನೊಂದು ವೃಂದದ ಆಸ್ತಿಯಾಗಿದ್ದರು. ಅಲ್ ಕುಸೈಸಿನ ಭಜನಾ ಮಂಡಳಿ ಪ್ರತಿ ಶನಿವಾರ ಸಂಜೆ ಸದಸ್ಯರ ಫ್ಲ್ಯಾಟುಗಳಲ್ಲಿ ಸರದಿಯಂತೆ ಸೇರುತ್ತದೆ. ಸೋಫಾಗಳನ್ನು ಗೋಡೆಗೆ ದೂಡಿ, ಜಮಖಾನ ಹಾಸಿ, ದೀಪ ಹಚ್ಚಿದರೆ ಮುಂದಿನ ಎರಡು ಗಂಟೆ ಇಪ್ಪತ್ತಮೂರು ಭಜನೆಗಳು, ಕೊನೆಗೆ ಮಂಗಳ, ಆಮೇಲೆ ಪಂಚಕಜ್ಜಾಯ. ಅಲ್ಲಿ ಹಾಡಿಸುವವರು ವಸಂತಿ. ಆಸ್ಪತ್ರೆಯೊಂದರ ಹಿರಿಯ ದಾದಿ, ದನಿಗೆ ಸೂಜಿಯ ಮೊನೆ, ಸ್ವಭಾವಕ್ಕೂ ಅದೇ. ತಬಲ ಬಾರಿಸುವವನು ಬ್ಯಾಂಕಿನ ಹುಡುಗ ಸುಮಿತ್. ತಾಳ ಹಾಕುವವರು, ಹತ್ತೊಂಬತ್ತು ವರ್ಷಗಳಿಂದ, ಕೊರಗಪ್ಪ. ಭಜನೆಯಲ್ಲಿ ತಾಳವೆಂಬ ಆ ಎರಡು ಹಿತ್ತಾಳೆಯ ಬಟ್ಟಲುಗಳನ್ನು ಹಿಡಿದವನನ್ನು ಯಾರೂ ನೋಡುವುದಿಲ್ಲ, ಆದರೆ ಎಲ್ಲರೂ ಅವನನ್ನೇ ಕೇಳಿಸಿಕೊಳ್ಳುತ್ತಾರೆ. ಅವನು ವೇಗ ಹೆಚ್ಚಿಸಿದರೆ ದೇವರೂ ಬೇಗ ನಡೆಯಬೇಕು. ಉಗ್ರಾಣದಲ್ಲಿ ಕೊರಗಪ್ಪನವರ ಕೆಲಸವನ್ನು ಒಂದೊಂದಾಗಿ ಯಂತ್ರಗಳು ವಹಿಸಿಕೊಳ್ಳುತ್ತಿದ್ದವು. ತಮಗಾಗಿ ಇಡೀ ಕೋಣೆಯೊಂದು ಕಾಯುವ ಸ್ಥಳ ಈ ದೇಶದಲ್ಲಿ ಇದ್ದರೆ ಅದು ಆ ಜಮಖಾನದ ಎಡಮೂಲೆ ಮಾತ್ರ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅನಾಹುತಕ್ಕೆ ಕಾರಣ ಪಾರ್ಕಿಂಗ್. ಜೆಬೆಲ್ ಅಲಿಯಲ್ಲಿ ದೇವಸ್ಥಾನ, ಗುರುದ್ವಾರ, ಚರ್ಚುಗಳು ಒಂದೇ ಆಸುಪಾಸಿನಲ್ಲಿವೆ. ಒಂದು ಶನಿವಾರ ದೇವಸ್ಥಾನದ ಕಡೆ ಜಾಗವಿಲ್ಲದೆ ಕೊರಗಪ್ಪನವರು ಕಾರನ್ನು ಚರ್ಚಿನ ಅಂಗಳದಲ್ಲಿ ನಿಲ್ಲಿಸಿ ಇಳಿದರು. ಸಭಾಂಗಣದ ಒಳಗಿನಿಂದ ಮೂವತ್ತರ ಹತ್ತಿರ ಕಂಠಗಳು ಅವರ ಮಂಡಳಿಯ ಗಣಪತಿ ಭಜನೆಯನ್ನು ಹಾಡುತ್ತಿದ್ದವು.

ಮಾತು ಇಂಗ್ಲಿಷಿನದು, ಆದರೆ ರಾಗ ಅದೇ. ಸಾಲಿನ ಕೊನೆಯಲ್ಲಿ ಏರಿ, ಅಲ್ಲೇ ತುಸು ನಿಂತು, ಮೆಟ್ಟಿಲಿಳಿದಂತೆ ಇಳಿಯುವ ಅದೇ ರಾಗ. ಹನ್ನೊಂದು ವರ್ಷಗಳ ಹಿಂದೆ ವಸಂತಿ, ಪಾತ್ರೆ ತೊಳೆಯುವಾಗ ಈ ರಾಗ ತಮಗೆ ತಾನಾಗಿ ಒಲಿದು ಬಂತೆಂದು ಮಂಡಳಿಗೆ ತಿಳಿಸಿದ್ದರು. ಮಂಡಳಿ ಅದನ್ನು ಭಕ್ತಿಯಿಂದ ನಂಬಿತ್ತು. ಹಾಗೆ ನಂಬದಿದ್ದವರು ಕೊರಗಪ್ಪ ಒಬ್ಬರೇ. ಹರೆಯದಲ್ಲಿ ಅವರು ಉಡುಪಿಯ ಖಾಸಗಿ ಬಸ್ಸೊಂದರಲ್ಲಿ ಎರಡು ವರ್ಷ ಕ್ಲೀನರ್ ಆಗಿದ್ದರು. ಆ ಬಸ್ಸಿನ ಡ್ರೈವರನ ಬಳಿ ಇದ್ದದ್ದು ಒಂದೇ ಕ್ಯಾಸೆಟ್ಟು. ಒಂದು ವಾರವೂ ಓಡದೆ ಡಬ್ಬಕ್ಕೆ ಮರಳಿದ, ಅವರೂ ಒಮ್ಮೆ ನೋಡಿದ್ದ ಸಿನಿಮಾದ್ದು. ಅದರಲ್ಲಿ ಖಳನಾಯಕನ ಗೆಳತಿ ಹೋಟೆಲಿನ ಮೆಟ್ಟಿಲ ಮೇಲೆ ನಿಂತು, ಬಾ, ಈ ಇರುಳು ನಿನ್ನದೇ ಎಂಬರ್ಥದಲ್ಲಿ ಹಾಡುವ ರಾಗವೇ ವಸಂತಿಯವರ ಸಿಂಕಿಗೆ ಒಲಿದು ಬಂದದ್ದು. ವಸಂತಿ ಸುಳ್ಳು ಹೇಳಿರಲಿಲ್ಲ, ಮರೆತಿದ್ದರು. ಭಜನೆಗೆ ಸಿನಿಮಾ ರಾಗ ತೊಡಿಸುವುದು ಕರಾವಳಿಯ ಎಲ್ಲ ಮಂಡಳಿಗಳಲ್ಲೂ ಇರುವ ರೂಢಿ. ಆದರೆ ತಮ್ಮ ಗಣಪತಿ ಭಜನೆ ಮಾತ್ರ ಆ ಪೈಕಿಯದಲ್ಲ ಎಂದು ಅವರು ಹನ್ನೊಂದು ವರ್ಷ ಹೇಳುತ್ತ ಬಂದಿದ್ದರು. ಕೊರಗಪ್ಪನವರು ಹನ್ನೊಂದು ವರ್ಷ ಸುಮ್ಮನೆ ತಾಳ ಹಾಕಿದ್ದರು.

ಈಗ ಆ ರಾಗ ಚರ್ಚಿನಿಂದ ಕೇಳುತ್ತಿತ್ತು. ಅವರು ಎಸಿಯ ಹೊರಪೆಟ್ಟಿಗೆಯ ಬಿಸಿಗಾಳಿಗೆ ಮುಖ ಒಡ್ಡಿ ಮೂರು ಚರಣ ಮುಗಿಯುವ ತನಕ ನಿಂತರು. ನಾಲ್ಕನೆಯ ಚರಣಕ್ಕೆ ಬಾಗಿಲು ತೆರೆದು, ನೀರಿನ ಬಾಟಲಿ ಹಿಡಿದ, ನೆರೆತ ಕುಚ್ಚುಗೂದಲಿನ ವ್ಯಕ್ತಿಯೊಬ್ಬರು ಹೊರಬಂದರು. ಕೊರಗಪ್ಪನವರು ಕನ್ನಡದಲ್ಲಿ ತಮ್ಮಷ್ಟಕ್ಕೆ ಏನೋ ಗೊಣಗುತ್ತಿದ್ದುದು ಅವರ ಕಿವಿಗೆ ಬಿತ್ತು.

"ಯಾರನ್ನು ಕಾಯುದು ನೀವು?"

"ಯಾರನ್ನೂ ಇಲ್ಲ. ಈ ಹಾಡು ಎಲ್ಲಿದು?"

"ಅಮೆರಿಕದ್ದು. ನಿಮ್ಮದು ಎಲ್ಲಿ, ಉಡುಪಿಯಾ? ಭಾಷೆ ಕೇಳಿದ್ರೆ ಗೊತ್ತಾಗ್ತದೆ. ಒಳಗೆ ಬನ್ನಿ ಮಾರಾಯ್ರೆ, ಅಲ್ಲಿ ನಿಂತರೆ ಬೆಂದು ಹೋಗ್ತೀರಿ."

ಅವರೇ ಆನ್ಸೆಲ್ಮ್. ಮಂಗಳೂರಿನ ಬಿಜೈಯವರು, ದುಬೈನ ದೇರಾದ ಹೋಟೆಲುಗಳಲ್ಲಿ ಇಪ್ಪತ್ತೇಳು ವರ್ಷ ಕೀಬೋರ್ಡ್ ನುಡಿಸಿ, ತಿನ್ನುವವರ ಬೆನ್ನಿಗೆ ಸಂಗೀತ ಕೇಳಿಸಿ ಸಾಕಾಗಿ, ಈ ಕಾಯರ್ ಕಟ್ಟಿದ್ದರು. ಅದರಲ್ಲಿ ಫಿಲಿಪ್ಪೀನ್ಸಿನ ದಾದಿಯರಿದ್ದರು, ಕೀನ್ಯದ ಸೆಕ್ಯುರಿಟಿ ಗಾರ್ಡುಗಳಿದ್ದರು, ಗೋವಾದ ಬಾಣಸಿಗನೊಬ್ಬನಿದ್ದ. ಮಂದ್ರದಲ್ಲಿ ಗಟ್ಟಿಯಾಗಿ ನಿಲ್ಲುವ ಗಂಡು ದನಿಯೊಂದರ ಕೊರತೆಯಿತ್ತು. ಕೊರಗಪ್ಪನವರ ದನಿ ಬಸ್ಸಿನ ಬಾಗಿಲಲ್ಲಿ ಊರುಗಳ ಹೆಸರು ಕೂಗಿ ಪಳಗಿದ್ದು. ಮುಂದಿನ ಶನಿವಾರದಿಂದ ಅವರು ಹಿಂದಿನ ಸಾಲಿನಲ್ಲಿ ನಿಂತರು.

ಆನ್ಸೆಲ್ಮ್ ಹಾಡುಗಳ ನಡುವೆ ಚರಿತ್ರೆ ಹೇಳುತ್ತಿದ್ದರು. ಅವರಿಗೆ ಅದು ಉಸಿರು ತೆಗೆದುಕೊಳ್ಳುವ ಕ್ರಮ. ಅಮೆರಿಕದ ದಕ್ಷಿಣದಲ್ಲಿ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಮರದ ಹಲಗೆಯ ಪುಟ್ಟ ಚರ್ಚುಗಳಲ್ಲಿ ಒಬ್ಬರು ಕೂಗಿ ಉಳಿದವರು ಮಾರುತ್ತರಿಸುವ ರೀತಿಯಲ್ಲಿ ಹಾಡುತ್ತಿದ್ದರು. ಅವರೇ ಕೆಲಸ ಹುಡುಕಿಕೊಂಡು ಉತ್ತರದ ಕಾರ್ಖಾನೆ ನಗರಗಳಿಗೆ ಬಂದಾಗ ಹಾಡೂ ಜೊತೆಗೆ ಬಂತು. ಐವತ್ತರ ದಶಕದಲ್ಲಿ ಕೆಲವು ಗಾಯಕರು ಆ ಚರ್ಚಿನ ಹಾಡುಗಾರಿಕೆಯನ್ನು ಹಾಗೆಯೇ ಇಟ್ಟುಕೊಂಡು, ದೇವರು ಇದ್ದ ಸ್ಥಳದಲ್ಲಿ ಹುಡುಗಿಯನ್ನು ತಂದು ಕೂರಿಸಿದರು. ಅದೇ ಆರ್ತತೆ, ಅದೇ ಬೇಡಿಕೆ, ವಿಳಾಸ ಮಾತ್ರ ಬೇರೆ. ಭಕ್ತರು ಕೆರಳಿದರು, ಯುವಕರು ರೆಕಾರ್ಡು ಕೊಂಡರು. ಅದಕ್ಕೆ ಸೋಲ್ ಎಂಬ ಹೆಸರು ನಿಂತಿತು. ಮೆಂಫಿಸಿನಲ್ಲಿ ಅದಕ್ಕೆ ತುತ್ತೂರಿಗಳು ಸೇರಿದವು, ಡೆಟ್ರಾಯಿಟಿನಲ್ಲಿ ಸೂಟು ಬೂಟು. ಅರುವತ್ತರ ದಶಕದಲ್ಲಿ ಸಮಾನ ಹಕ್ಕಿಗಾಗಿ ಬೀದಿಗಿಳಿದವರ ಬಾಯಲ್ಲೂ ಅದರ ದನಿಯಿತ್ತು.

ಡೆಟ್ರಾಯಿಟ್ ಎಂದಾಗ ಕೊರಗಪ್ಪನವರು ತಲೆಯಾಡಿಸಿದರು. ಕಾರಿನ ಬಿಡಿಭಾಗಗಳ ಪೆಟ್ಟಿಗೆಗಳ ಮೇಲೆ ಆ ಹೆಸರನ್ನು ಅವರು ನೋಡಿದ್ದರು. ಕಾರ್ಖಾನೆಯ ಪಾಳಿ ಮುಗಿಸಿ ಹಾಡಲು ಹೋಗುತ್ತಿದ್ದವರ ಬಗ್ಗೆ ಅವರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಕಷ್ಟವಾದದ್ದು ಚಪ್ಪಾಳೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದರೆ ಭಜನೆಯ ತಾಳ ಬೀಳುವುದು ಒಂದಕ್ಕೆ ಮತ್ತು ಮೂರಕ್ಕೆ. ಸೋಲ್ ಹಾಡಿನ ಚಪ್ಪಾಳೆ ಎರಡಕ್ಕೆ ಮತ್ತು ನಾಲ್ಕಕ್ಕೆ. ಇಪ್ಪತ್ತೊಂಬತ್ತು ಜನ ಒಂದು ಕಡೆ, ಕೊರಗಪ್ಪನವರ ಎರಡು ಅಂಗೈ ಇನ್ನೊಂದು ಕಡೆ.

"ಕೊರಗಪ್ಪಣ್ಣ, ಒಂದನ್ನು ಕಾಲಿಗೆ ಬಿಡಿ. ಎರಡನ್ನು ಕೈಗೆ ಕೊಡಿ," ಎಂದರು ಆನ್ಸೆಲ್ಮ್.

"ಒಂದನ್ನು ಹಾಗೆ ಬಿಡ್ಲಿಕ್ಕೆ ಆಗುದಿಲ್ಲ ಪೊರ್ಬುಗಳೇ. ಒಂದು ಅಂದ್ರೆ ದೇವರು," ಎಂದರು ಕೊರಗಪ್ಪನವರು, ಊರಿನಲ್ಲಿ ಕ್ರೈಸ್ತರನ್ನು ಗೌರವದಿಂದ ಕರೆಯುವ ಹಾಗೆ ಕರೆದು.

"ದೇವರು ಅಲ್ಲೇ ಇರ್ತಾರೆ, ಎಲ್ಲಿಗೂ ಹೋಗುದಿಲ್ಲ. ನೀವು ಅವರಿಗೆ ಹೊಡಿಬೇಡಿ ಅಷ್ಟೆ."

ಮಾತಿನಿಂದ ಬಾರದ ವಿದ್ಯೆಯನ್ನು ಕೊನೆಗೆ ಕಲಿಸಿದ್ದು ಫೋರ್ಕ್‌ಲಿಫ್ಟ್. ಆ ವಾಹನ ಹಿಂದಕ್ಕೆ ಸರಿಯುವಾಗ ಪೀಂ, ಪೀಂ ಎಂದು ಎಚ್ಚರಿಕೆ ಕೊಡುತ್ತದೆ, ಸಮನಾದ ಅಂತರದಲ್ಲಿ, ಯಾರ ಮುಲಾಜೂ ಇಲ್ಲದೆ. ಕೊರಗಪ್ಪನವರು ಪೀಂ ಅನ್ನು ಒಂದೆಂದು ಭಾವಿಸಿ, ಎರಡು ಪೀಂಗಳ ನಡುವಿನ ಮೌನಕ್ಕೆ ಚಪ್ಪಾಳೆ ತಟ್ಟತೊಡಗಿದರು. ಮೊದಲ ದಿನ ಪೆಶಾವರದ ಲೋಡರುಗಳು ಸೂಪರ್‌ವೈಸರಿಗೆ ಬಿಸಿಲು ತಲೆಗೇರಿದೆ ಎಂದುಕೊಂಡರು. ನಾಲ್ಕನೆಯ ದಿನ ಅವರೂ ತಟ್ಟುತ್ತಿದ್ದರು. ಎರಡನೆಯ ವಾರ ಸುರಕ್ಷತಾ ಅಧಿಕಾರಿ ಸೂಚನಾ ಫಲಕದಲ್ಲಿ ಸುತ್ತೋಲೆಯೊಂದನ್ನು ಅಂಟಿಸಿದ: ವಾಹನಗಳು ಹಿಂದೆ ಸರಿಯುವ ಸಮಯದಲ್ಲಿ ಚಪ್ಪಾಳೆಯನ್ನು ನಿಷೇಧಿಸಲಾಗಿದೆ. ಆ ಹೊತ್ತಿಗೆ ವಿದ್ಯೆ ಕೈಗೆ ಇಳಿದಿತ್ತು.

ಕೈಗೆ ಇಳಿದ ವಿದ್ಯೆ ಶನಿವಾರ ಸಂಜೆ ಮನೆಯಲ್ಲಿ ಉಳಿಯಲಿಲ್ಲ. ಸುಮಿತನ ಫ್ಲ್ಯಾಟಿನಲ್ಲಿ ಮೂರನೆಯದಾದ ವಿಠಲನ ಭಜನೆ ಅರ್ಧದಲ್ಲಿದ್ದಾಗ ಕೊರಗಪ್ಪನವರ ತಾಳ ಒಂದನ್ನು ಬಿಟ್ಟು ಎರಡಕ್ಕೆ ಬಿತ್ತು. ಸುಮಿತ್ ತಾನೇ ತಪ್ಪಿದೆನೆಂದು ತಬಲವನ್ನು ಸರಿಸಿಕೊಂಡ. ಹೆಂಗಸರು ಸುಮಿತನನ್ನು ನಂಬಿ ಸರಿದರು. ಗಂಡಸರು ಯಾರನ್ನೂ ನಂಬದೆ ನಿಂತರು. ಜಮಖಾನದ ಎರಡು ಬದಿಗಳಲ್ಲಿ ಇಬ್ಬರು ವಿಠಲರು ಕೆಲವು ಕ್ಷಣ ಪೈಪೋಟಿಯಲ್ಲಿ ಓಡಿ, ಇಬ್ಬರೂ ಒಟ್ಟಿಗೆ ಬಿದ್ದರು. ಅಡುಗೆಮನೆಯ ಕುಕ್ಕರ್ ಒಮ್ಮೆ ಕೂಗಿತು.

"ಎಂತ ಕೊರಗಪ್ಪಣ್ಣ ಇದು?" ಎಂದರು ವಸಂತಿ.

"ಕೈ ತಪ್ಪಿತು ಅಕ್ಕ."

"ಹತ್ತೊಂಬತ್ತು ವರ್ಷ ತಪ್ಪದ ಕೈ ಈಗ ಹೇಗೆ ತಪ್ಪುದು? ಕೈ ತಪ್ಪುದಲ್ಲ, ಕೈ ಬೇರೆ ಎಲ್ಲಿಗೋ ಹೋಗ್ತಾ ಉಂಟು. ನನಗೆ ಎಲ್ಲ ಗೊತ್ತುಂಟು."

ಮತ್ತೆ ಎರಡು ಶನಿವಾರ ಹಾಗೆಯೇ ಆಯಿತು. ಮೂರನೆಯದರ ಕೊನೆಯಲ್ಲಿ, ಪಂಚಕಜ್ಜಾಯದ ತಟ್ಟೆಗಳ ನಡುವೆ, ವಸಂತಿ ತೀರ್ಪು ಕೊಟ್ಟರು: ನವೆಂಬರಿನ ವಾರ್ಷಿಕ ಮಂಗಳೋತ್ಸವಕ್ಕೆ ನಾಲ್ಕು ವಾರಗಳಿವೆ, ಕೊರಗಪ್ಪ ಆ ಇನ್ನೊಂದು ಕೂಟವನ್ನು ಬಿಡಬೇಕು, ಇಲ್ಲವೇ ತಾಳವನ್ನು ಬಿಡಬೇಕು.

ಮನೆಗೆ ಬಂದ ಮೇಲೆ ಹರಿಣಾಕ್ಷಿ ಬಾಗಿಲು ಹಾಕಿ, ಚಪ್ಪಲಿ ಕಳಚುವ ಮೊದಲೇ ಶುರುಮಾಡಿದರು.

"ನಿಮಗೆ ಮಂಡೆ ಸಮ ಉಂಟಾ? ತಾಳ ಹೋದ್ರೆ ನಮ್ಮ ಮನೆಗೆ ಭಜನೆಯ ಸರದಿಯೂ ಬರುದಿಲ್ಲ. ನಾಳೆ ಲಿಫ್ಟಲ್ಲಿ ಜನ ನನ್ನನ್ನು ಎಂತ ಕೇಳುದು?"

"ಈಗ ಎಂತ ಕೇಳ್ತಾರೆ?"

"ಈಗ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಮಾಡ್ತೀರಾ ಅಂತ ಕೇಳ್ತಾರೆ!"

ಮಗಳು ದೀಕ್ಷಿತಾ ಮೊಬೈಲಿನಿಂದ ತಲೆಯೆತ್ತದೆ, "ಪಪ್ಪ, ಟೆಕ್ನಿಕಲಿ ಯು ವರ್ ಕರೆಕ್ಟ್. ಬಟ್ ಇನ್ ದ ರಾಂಗ್ ರೂಮ್," ಎಂದಳು.

"ಅವಳು ಎಂತ ಹೇಳಿದ್ದು?" ಎಂದು ಹರಿಣಾಕ್ಷಿ ಕೇಳಿದರು.

"ನಾನು ಸರಿ ಅಂತ."

"ಮಮ್ಮಿ, ಐ ಡಿಡ್ ನಾಟ್ ಸೇ ದಟ್."

ಕೊರಗಪ್ಪನವರ ಸಂಕಟ ಸಣ್ಣದಾಗಿರಲಿಲ್ಲ. ಅವರು ಕಾಯರ್ ಬಿಡಲು ಸಿದ್ಧರಾಗಿಯೇ ಇದ್ದರು. ತಾಳಕ್ಕಿಂತ ಅದು ಹೆಚ್ಚಿನದಲ್ಲ. ಆದರೆ ಬಿಟ್ಟರೂ ಕೈ ಹಿಂದಿನಂತೆ ಆಗುವ ಭರವಸೆಯಿರಲಿಲ್ಲ. ಇನ್ನೊಂದು ದಾರಿಯೂ ಇತ್ತು: ವಸಂತಿಯವರ ರಾಗ ಎಲ್ಲಿಂದ ಬಂತೆಂದು ಮಂಡಳಿಯ ಮುಂದೆ ಹೇಳಿಬಿಡುವುದು. ಆ ಯೋಚನೆ ಬಂದಾಗಲೆಲ್ಲ ಅವರು ಎದ್ದು ಹೋಗಿ ನೀರು ಕುಡಿಯುತ್ತಿದ್ದರು. ಆ ವಾರ ಬಹಳ ನೀರು ಕುಡಿದರು.

ಶನಿವಾರ ಬೆಳಿಗ್ಗೆ ಅವರು ಆನ್ಸೆಲ್ಮರಿಗೆ ವಿದಾಯ ಹೇಳಲೆಂದು ಹೊರಟರು. ಅತ್ತ ವಸಂತಿ, ಸಾಕ್ಷ್ಯವಿಲ್ಲದೆ ಶಿಕ್ಷಿಸಿದರೆಂಬ ಮಾತು ಬಾರದಿರಲೆಂದು, ಹರಿಣಾಕ್ಷಿಯವರನ್ನೇ ಜೊತೆಗಿಟ್ಟುಕೊಂಡು ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನೇರ ಸಭಾಂಗಣಕ್ಕೆ ನಡೆದರು. ಹಣೆಯಲ್ಲಿ ಹಸಿ ಕುಂಕುಮ, ಕೈಯಲ್ಲಿ ಪ್ರಸಾದದ ಸ್ಟೀಲ್ ಡಬ್ಬಿ. ಅವರು ಬಾಗಿಲು ತಳ್ಳಿದ ಹೊತ್ತಿಗೆ ಕೊರಗಪ್ಪನವರು ವಿದಾಯವನ್ನು ಹಾಡು ಮುಗಿದ ಮೇಲೆ ಹೇಳೋಣವೆಂದು ಮುಂದೂಡಿದ್ದರು, ಮತ್ತು ಹಾಡು ಶುರುವಾಗಿತ್ತು.

ವಸಂತಿ ಎರಡು ಹೆಜ್ಜೆ ಒಳಗೆ ಬಂದು ನಿಂತರು. ಅವರ ತುಟಿಗಳು ತಾವಾಗಿಯೇ ಗಣಪತಿಯ ನಾಮಗಳನ್ನು ಹಿಡಿದವು. ಮೊದಲ ಚರಣ ಮುಗಿಯುವಷ್ಟರಲ್ಲಿ ತಾವು ಏನು ಹೇಳುತ್ತಿದ್ದೇವೆ ಎಂಬುದು ಅವರಿಗೆ ಅರಿವಾಯಿತು. ಅವರಿಗೆ ಹೊಳೆದ ಅರ್ಥ ಒಂದೇ.

"ಕೊರಗಪ್ಪಣ್ಣ! ನಮ್ಮ ಭಜನೆಯನ್ನು ತಂದು ಇವರಿಗೆ ಕೊಟ್ಟದ್ದಾ ನೀವು?"

ಹಾಡು ನಿಂತಿತು. ಮೂವತ್ತು ಜನರ ಪೈಕಿ ಇಪ್ಪತ್ತೆಂಟು ಜನರಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಕೀನ್ಯದ ಗಾರ್ಡೊಬ್ಬ ಅಭ್ಯಾಸಬಲದಿಂದ ಎರಡು ಹೆಜ್ಜೆ ಮುಂದೆ ಬಂದ.

"ಯಾವ ಭಜನೆ ಅಕ್ಕ?" ಎಂದು ಆನ್ಸೆಲ್ಮ್ ಕೇಳಿದರು.

"ಈ ರಾಗ! ಇದು ನಾನು ಕಟ್ಟಿದ್ದು, ಹನ್ನೊಂದು ವರ್ಷ ಆಯ್ತು. ಇದಕ್ಕೆ ಇಂಗ್ಲಿಷ್ ಹಾಕಿ ಹಾಡ್ತೀರಲ್ಲ, ಒಂದು ಮಾತು ಕೇಳ್ಬೇಕಿತ್ತಲ್ವಾ?"

ಆನ್ಸೆಲ್ಮ್ ಸಿಟ್ಟಾಗಲಿಲ್ಲ. ಹೋಟೆಲುಗಳಲ್ಲಿ ದುಡಿದವರು ಹಾಗೆ ಬೇಗ ಸಿಟ್ಟಾಗುವುದಿಲ್ಲ. ಅವರು ಮೊಬೈಲು ತೆಗೆದು ಹಳೆಯ ರೆಕಾರ್ಡೊಂದರ ಚಿತ್ರ ತೋರಿಸಿದರು. "ಅಕ್ಕ, ಇದು ಅರುವತ್ತರ ದಶಕದ್ದು. ನಾನು ಆಗ ಹುಟ್ಟಿರ್ಲಿಲ್ಲ. ನೀವು ಹುಟ್ಟಿದ್ರಾ ಅಂತ ನಾನು ಕೇಳುದಿಲ್ಲ. ಇದು ಮೊದಲು ಚರ್ಚಿನ ಹಾಡು. ಆಮೇಲೆ ಒಬ್ಬ ದೇವರನ್ನು ತೆಗೆದು ಹುಡುಗಿಯನ್ನು ಇಟ್ಟ. ಅದನ್ನು ನಮ್ಮ ಸಿನಿಮಾದವರು ಯಾರೋ ಎತ್ತಿಕೊಂಡದ್ದು ಇರ್ಬೇಕು. ಅವರಿಗೆ ಅದು ಮಾಮೂಲು."

"ಸಿನಿಮಾ?" ಎಂದು ವಸಂತಿ ಕೊರಗಪ್ಪನವರತ್ತ ತಿರುಗಿದರು.

ಕೊರಗಪ್ಪನವರು ಸುತ್ತ ನೋಡಿದರು. ಕುಡಿಯಲು ಅಲ್ಲಿ ನೀರಿರಲಿಲ್ಲ. "ಉಡುಪಿ ಬಸ್ಸಲ್ಲಿ ಬರ್ತಿತ್ತು ಅಕ್ಕ. ಹೋಟೆಲಿನ ಮೆಟ್ಟಿಲು, ಕೆಂಪು ಫ್ರಾಕು," ಎಂದರು.

ವಸಂತಿಯವರ ಮುಖದಲ್ಲಿ ಆ ಮೆಟ್ಟಿಲು ನಿಧಾನವಾಗಿ ಮೂಡಿತು. ನಂತರ ಫ್ರಾಕು. ಅವರು ಹತ್ತಿರದ ಕುರ್ಚಿಯಲ್ಲಿ ಕೂತರು. ಹನ್ನೊಂದು ವರ್ಷ, ಪ್ರತಿ ಶನಿವಾರ, ದೀಪದ ಮುಂದೆ!

"ಬೇಜಾರು ಮಾಡ್ಬೇಡಿ ಅಕ್ಕ," ಎಂದು ಕೊರಗಪ್ಪನವರು ತಮಗೆ ತಿಳಿದ ಒಂದೇ ಶಾಸ್ತ್ರದಿಂದ ಸಮಾಧಾನ ಹೇಳಿದರು. "ನಮ್ಮಲ್ಲಿ ರೀ-ಎಕ್ಸ್‌ಪೋರ್ಟ್ ಅಂತ ಉಂಟು. ಮಾಲು ಒಂದು ಕಡೆಯಿಂದ ಹೊರಡ್ತದೆ, ಮಧ್ಯದಲ್ಲಿ ನಾಲ್ಕು ಪೋರ್ಟ್ ನೋಡ್ತದೆ, ಲೇಬಲ್ ಬದಲಾಗ್ತದೆ. ಇದು ದೇವರ ಹತ್ತಿರದಿಂದ ಹೊರಟದ್ದು. ಆ ಅಮೆರಿಕದವರು ಹುಡುಗಿಗೆ ಕಳಿಸಿದ್ರು, ಸಿನಿಮಾದವರು ಇನ್ನೊಂದು ಹುಡುಗಿಗೆ. ವಾಪಸ್ ದೇವರಿಗೆ ಮುಟ್ಟಿಸಿದ್ದು ನೀವು. ಯಾರೂ ಮಾಡದ ಕೆಲಸ."

ಆನ್ಸೆಲ್ಮ್ ಆ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಕಾಯರಿಗೆ ಹೇಳಿದರು. ಮೂವತ್ತು ಜನ ಚಪ್ಪಾಳೆ ತಟ್ಟಿದರು. ವಸಂತಿಗೆ ಅದು ಹಿಡಿಸಲಿಲ್ಲ, ಆದರೆ ಅವರು ಎದ್ದು ಹೋಗಲೂ ಇಲ್ಲ. "ಇನ್ನೊಮ್ಮೆ ಹಾಡಿ ನೋಡುವ," ಎಂದರು, ಪರೀಕ್ಷಕರ ದನಿಯಲ್ಲಿ.

ಕಾಯರ್ ಹಾಡಿತು. ಸಾಲು ಏರಿ ನಿಲ್ಲುವ ಜಾಗದಲ್ಲಿ, ಹನ್ನೊಂದು ವರ್ಷಗಳಿಂದ ವಸಂತಿಯವರ ಉಸಿರು ಮುಗ್ಗರಿಸುತ್ತಿದ್ದ ಅದೇ ಜಾಗದಲ್ಲಿ, ಇಲ್ಲಿ ಯಾರೂ ಮುಗ್ಗರಿಸಲಿಲ್ಲ. ಒಂದರ ಎಣಿಕೆ ಖಾಲಿ ಇತ್ತು, ಉಸಿರು ಅಲ್ಲಿ ಒಳಹೋಯಿತು, ಎರಡಕ್ಕೆ ಚಪ್ಪಾಳೆ ಬಿತ್ತು, ದನಿ ಅದರ ಮೇಲೆ ಕಾಲಿಟ್ಟು ಇಳಿಯಿತು. ವಸಂತಿಯವರು ಅದನ್ನು ಕೇಳಿಸಿಕೊಂಡರು. ಅವರ ಬೆರಳುಗಳು ಸ್ಟೀಲ್ ಡಬ್ಬಿಯ ಮೇಲೆ ಎರಡು ಸಲ, ಸರಿಯಾದ ಸ್ಥಳದಲ್ಲಿ, ಬಿದ್ದವು.

ಹೊರಗೆ ಅಂಗಳಕ್ಕೆ ಬಂದ ಮೇಲೆ ಅವರು ಮೊದಲು ಕೇಳಿದ್ದು, "ಮಂಡಳಿಯಲ್ಲಿ ಇದು ಯಾರಿಗೆಲ್ಲ ಗೊತ್ತುಂಟು?"

"ನನಗೆ ಮಾತ್ರ."

"ನೀವು ಇಷ್ಟು ವರ್ಷ ಹೇಳಲಿಲ್ಲ."

"ಯಾರೂ ಕೇಳಲಿಲ್ಲ ಅಕ್ಕ."

"ಮುಂದೆ?"

"ಮುಂದೆಯೂ ಕೇಳಲಿಕ್ಕಿಲ್ಲ."

ಕೊರಗಪ್ಪನವರು ಅಲ್ಲಿಗೇ ನಿಲ್ಲಿಸಿದ್ದರು. ಅವರ ಸೌಜನ್ಯಕ್ಕೆ ಅಷ್ಟೇ ದೂರ ಹೋಗಲು ಬರುತ್ತಿತ್ತು. ಆದರೆ ಹರಿಣಾಕ್ಷಿ ಆವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಅವರು ವಸಂತಿಯವರ ಕೈಯಿಂದ ಪ್ರಸಾದದ ಡಬ್ಬಿಯನ್ನು ಮೆಲ್ಲಗೆ ತೆಗೆದುಕೊಂಡು, ಮುಚ್ಚಳ ತೆರೆದು, ಎಲ್ಲರಿಗೂ ಒಂದೊಂದು ಚೂರು ಹಂಚಿ ಹೇಳಿದರು:

"ಈಗ ನನಗೂ ಗೊತ್ತಾಯ್ತಲ್ಲ ಅಕ್ಕ. ನನ್ನ ಬಾಯಿ ನಿಮಗೆ ಗೊತ್ತೇ ಉಂಟು, ಲಿಫ್ಟಲ್ಲಿ ಯಾರಾದ್ರೂ ಕ್ಲಾರೆನ್ಸ್ ಅಂತ ಶುರುಮಾಡಿದ್ರೆ ಎಂತ ಹೊರಗೆ ಬರ್ತದೋ ನನಗೇ ಹೇಳ್ಲಿಕ್ಕಾಗುದಿಲ್ಲ. ತಾಳ ಇವರ ಹತ್ತಿರವೇ ಇರ್ಲಿ. ಅಲ್ವಾ?"

ವಸಂತಿ ಚೂರನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. "ಒಂದು ಕಂಡೀಶನ್," ಎಂದರು. "ಗಣಪತಿಗೆ ಆ ಎರಡು-ನಾಲ್ಕು ನಾನೇ ತಂದದ್ದು ಅಂತ ಆಗ್ಬೇಕು."

ಮುಂದಿನ ಭಜನೆಯ ದಿನ ಅವರು ಮಂಡಳಿಯ ಮುಂದೆ ಎರಡು ವಿಷಯ ತಿಳಿಸಿದರು. ಕೊರಗಪ್ಪನವರು ಹೋಗುತ್ತಿರುವುದು ಹಾಡು ಕಲಿಯಲಿಕ್ಕೆ, ತಾವೇ ಹೋಗಿ ಪರಿಶೀಲಿಸಿ ಬಂದಿದ್ದೇವೆ; ಆ ಬಗ್ಗೆ ಇನ್ನು ಯಾರೂ ಮಾತಾಡಬಾರದು. ಮತ್ತು, ಗಣಪತಿ ಭಜನೆಯ ತಾಳವನ್ನು ತಾವು ಸ್ವಲ್ಪ ತಿದ್ದಿದ್ದೇವೆ. ಪೆಟ್ಟು ಇನ್ನು ಮುಂದೆ ಎರಡಕ್ಕೆ ಮತ್ತು ನಾಲ್ಕಕ್ಕೆ ಬೀಳಬೇಕು. ಅದು ಕಷ್ಟ, ಆದರೆ ಅಭ್ಯಾಸ ಮಾಡಿದರೆ ಬರುತ್ತದೆ. ಈ ಹೊಸ ತಿದ್ದುಪಡಿ ಹೇಗೆ ಹೊಳೆಯಿತೆಂದು ಸುಮಿತ್ ಕೇಳಿದಾಗ, ತಾನಾಗಿ ಬಂತೆಂದರು. ಎಡಮೂಲೆಯಲ್ಲಿ ಕೊರಗಪ್ಪನವರು ತಾಳದ ದಾರವನ್ನು ಬಿಗಿಮಾಡಿಕೊಳ್ಳುತ್ತಿದ್ದರು, ತಲೆಯೆತ್ತಲಿಲ್ಲ.

ಮಂಗಳೋತ್ಸವ ಸುಸೂತ್ರವಾಗಿ ನಡೆಯಿತು. ಗಣಪತಿ ಭಜನೆಯಲ್ಲಿ ಗಂಡಸರ ಸಾಲು ಮಾತ್ರ ಕೊನೆಯ ತನಕ ಒಂದಕ್ಕೇ ತಟ್ಟಿತು.

ಈಗ ತಾಳ ಕೊರಗಪ್ಪನವರ ಬಳಿ ಇದೆ. ಇಪ್ಪತ್ತೆರಡು ಭಜನೆಗಳಿಗೆ ಅವರು ಒಂದಕ್ಕೆ ಮತ್ತು ಮೂರಕ್ಕೆ ಹಾಕುತ್ತಾರೆ, ಗಣಪತಿಗೆ ಎರಡಕ್ಕೆ ಮತ್ತು ನಾಲ್ಕಕ್ಕೆ. ಶನಿವಾರ ಬೆಳಿಗ್ಗೆ ಕಾಯರ್‌ನ ಹಿಂದಿನ ಸಾಲಿನಲ್ಲಿ ಹಾಡುತ್ತಾರೆ. ವಸಂತಿ ಕಾಯರ್ ಸೇರಿಲ್ಲ.